ಮೂರುಮಾತಿನ ಹಕ್ಕಿ

ರೇಡಿಯೋದವನು ಕೈ ಎತ್ತಿದ. ಹಿಂದೆ ಬರುತ್ತಿದ್ದ ಇಬ್ಬರೂ ಇದ್ದಲ್ಲೇ ನಿಂತರು. ಭಾವನ ಒಂದು ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ. ಅದನ್ನು ಹರಳುಕಲ್ಲಿನ ಮೇಲೆ ಸದ್ದಾಗದಂತೆ ಊರಲು ಅವರು ಪಡುತ್ತಿದ್ದ ಪಾಡು ನೋಡಿ ರೇಡಿಯೋದವನ ಮಗಳು ಮೆಲ್ಲಗೆ ಅವರ ರಟ್ಟೆ ಹಿಡಿದುಕೊಂಡಳು.

ಎದುರಿಗೆ ಮುಳ್ಳಿನ ಪೊದೆ. ಆ ಪುಟ್ಟ ದ್ವೀಪದಲ್ಲಿ ಹಸಿರು ಅಂತ ಇದ್ದದ್ದು ಅದೊಂದೇ. ಮಿಕ್ಕದ್ದೆಲ್ಲ ಬಂಡೆ, ಉಪ್ಪು ಹಿಡಿದ ಹುಲ್ಲು, ಜೊತೆಗೆ ಯಾರೂ ವಾಸವಿಲ್ಲದ ಒಂದು ದೀಪಸ್ತಂಭ. ರಾತ್ರಿಯಿಡೀ ಎದುರುಗಾಳಿ ಬೀಸಿ, ಬೆಳಗಿನ ಜಾವ ತುಂತುರು ಹಿಡಿದಿತ್ತು. ಸಮುದ್ರ ದಾಟುವ ಸಣ್ಣ ಹಕ್ಕಿಗಳು ಇಂಥ ಹವೆಯಲ್ಲಿ ಸೋತು, ಕಂಡ ಮೊದಲ ನೆಲಕ್ಕೆ ಉದುರುತ್ತವೆ. ಹಕ್ಕಿ ಬೀಳುವ ದಿನ ಅಂತ ಇವರ ನಡುವೆ ಅದಕ್ಕೆ ಹೆಸರು. ಇಡೀ ವಸಂತದಲ್ಲಿ ಅಂಥದೊಂದು ದಿನ ಕೈಗೆ ಸಿಕ್ಕರೆ ಪುಣ್ಯ.

ರೇಡಿಯೋದವನು ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ಓರೆ ಮಾಡಿ ನಿಂತ. ಅವನ ಈ ಭಂಗಿಯನ್ನು ಹಕ್ಕಿ ನೋಡುವವರ ಬಳಗದಲ್ಲಿ ಎಲ್ಲರೂ ಬಲ್ಲರು. ಚಿಕ್ಕ ವಯಸ್ಸಿನವರು ಬೆನ್ನ ಹಿಂದೆ ಅಣಕಿಸಿ ತೋರಿಸುವುದೂ ಇತ್ತು.

"ಏನೂ ಇಲ್ಲ," ಅಂದ.

"ಈಗ ತಾನೇ ಅಂದ ಹಾಗಾಯ್ತಲ್ಲೋ," ಭಾವ ಪಕ್ಕಕ್ಕೆ ಬಂದು ಅಂದರು. "ಆ ಎಡಗಡೆ ಒಣಕೊಂಬೆ ಇದೆಯಲ್ಲ, ಅದರ ಹಿಂದೆ. ಮೂರು ಮಾತು ಬಂತು ನೋಡು."

"ಮೂರೂ ಇಲ್ಲ, ಒಂದೂ ಇಲ್ಲ. ಗಾಳಿ, ಭಾವ. ಮುಳ್ಳಿಗೆ ಮುಳ್ಳು ಉಜ್ಜಿದ್ರೆ ಹಂಗೇ ಅನ್ನುತ್ತೆ."

"ಇನ್ನೊಂದು ಸಲ ಕೇಳು. ನನಗೋಸ್ಕರ."

ಅವನು ಮತ್ತೆ ಕಣ್ಣು ಮುಚ್ಚಿದ. ಕೆಳಗೆ ಬಂಡೆಗೆ ನೀರು ಬಡಿಯುವ ಸದ್ದು, ಭಾವನ ಏದುಸಿರು, ತನ್ನದೇ ಮಳೆಕೋಟಿನ ಸರಪರ. ಪೊದೆ ಮಾತ್ರ ಸ್ವಿಚ್ಚು ಆರಿಸಿದ ಸೆಟ್ಟಿನ ಹಾಗೆ ತಣ್ಣಗಿತ್ತು.

"ನಿಮಗೆ ಕೇಳಿಸ್ತಿರೋದು ಹಕ್ಕಿ ಅಲ್ಲ, ನಿಮ್ಮ ಆಸೆ," ಅಂದ. "ನಡೀರಿ, ಮೇಲ್ಗಡೆ ನೋಡೋಣ."

ಭಾವ ನಕ್ಕರು. ನಗು ಮುಗಿದ ಮೇಲೂ ಒಂದು ಗಳಿಗೆ ಪೊದೆಯನ್ನೇ ನೋಡಿದರು. "ನೀನು ಇಲ್ಲ ಅಂದ್ಮೇಲೆ ಮುಗೀತು ಬಿಡು," ಎಂದು ಹೆಜ್ಜೆ ತೆಗೆದರು. ಮಗಳೂ ಪೊದೆಯ ಕಡೆಗೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಂತೆ ಮಾಡಿ, ಆಮೇಲೆ ಬಗ್ಗಿ ಬೂಟಿನ ದಾರ ಬಿಗಿಮಾಡಿಕೊಂಡಳು. ದಾರ ಬಿಗಿಯಾಗಿಯೇ ಇತ್ತು.

ಪೇಟೆಯ ಹಳೆಯ ಕಟ್ಟಡವೊಂದರ ಮಹಡಿಮೆಟ್ಟಿಲ ಕೆಳಗೆ ಅವನ ರೇಡಿಯೋ ರಿಪೇರಿ ಅಂಗಡಿ. ಕೂತರೆ ಎದ್ದಾಗ ತಲೆ ತಾಗಬೇಕು, ಅಷ್ಟು ಜಾಗ. ಅಲ್ಲಿ ಕೂತು, ಸೆಟ್ಟಿನ ಮುಚ್ಚಳ ಬಿಚ್ಚುವ ಮೊದಲೇ ಅದರ ಗೊರಗೊರ ಕೇಳಿ ಯಾವ ಬಿಡಿಭಾಗ ಕೆಟ್ಟಿದೆ ಎಂದು ಹೇಳುತ್ತಿದ್ದ. ಆ ಕಿವಿಯನ್ನು ಹಕ್ಕಿಗಳ ಕಡೆ ತಿರುಗಿಸಿದವರು ಭಾವ. ಅವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ತಂಗಿಯನ್ನು ಕೊಟ್ಟ ಹೊಸದರಲ್ಲಿ ಮನೆಯ ಅಳಿಯನ ಗುಣ ನೋಡೋಣವೆಂದು ಅವನನ್ನು ಈ ದ್ವೀಪಕ್ಕೇ ಕರೆತಂದಿದ್ದರು. ಅಂದು ಸಂಜೆ ಮನೆಗೆ ಹೋಗಿ ತಂಗಿಗೆ, "ನಿನ್ನ ಗಂಡನ ಗುಣ ಗೊತ್ತಾಗಲಿಲ್ಲ, ಆದರೆ ಕಿವಿ ಮಾತ್ರ ಚಿನ್ನದ್ದು," ಅಂದಿದ್ದರಂತೆ. ಅಂದಿನಿಂದ ಕಣ್ಣು ಭಾವನದು, ಕಿವಿ ಇವನದು. ಪ್ರತಿ ವಸಂತಕ್ಕೂ ಇಬ್ಬರೂ ದೋಣಿ ಹತ್ತುತ್ತಿದ್ದರು.

ಬಳಗದಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬ ಕಂಡದ್ದು ಕನಸು, ಇಬ್ಬರು ಕಂಡದ್ದು ಹಕ್ಕಿ. ಅಪರೂಪದ ಹಕ್ಕಿಯನ್ನು ಕಂಡೆನೆಂದು ಒಬ್ಬನೇ ಹೇಳಿದರೆ ಅದು ಲೆಕ್ಕಕ್ಕಿಲ್ಲ, ಇನ್ನೊಬ್ಬರು ಹೌದೆನ್ನಬೇಕು. ದನಿಯಿಂದಲೇ ಗುರುತಾಗುವ ಹಕ್ಕಿಯಾದರೆ ಆ ಇನ್ನೊಬ್ಬ ರೇಡಿಯೋದವನೇ ಆಗಬೇಕೆಂದು ಯಾರೂ ಹೇಳದೆಯೇ ರೂಢಿಯಾಗಿತ್ತು. ಅವನು ಹೌದೆಂದರೆ ದೂರದೂರಿನ ಪಂಡಿತರೂ ಮರುಮಾತಾಡುತ್ತಿರಲಿಲ್ಲ.

ಭಾವ ಮೊದಲಿನಿಂದ ಕಾಯುತ್ತ ಬಂದದ್ದು ಒಂದು ಉಲಿಯಕ್ಕಿಯನ್ನು. ಹೆಬ್ಬೆರಳುದ್ದದ, ಎಲೆಯ ಬಣ್ಣದ ಹಕ್ಕಿ. ಅದರ ತದ್ರೂಪದ ಇನ್ನೊಂದು ಜಾತಿ ಪ್ರತಿ ವರ್ಷ ಹಿಂಡುಹಿಂಡಾಗಿ ಬರುತ್ತದೆ. ಕೈಯಲ್ಲಿ ಹಿಡಿದು ನೋಡಿದರೂ ಇದೋ ಅದೋ ಎಂದು ಮಂಡೆಬಿಸಿ. ಆದರೆ ಬಾಯಿ ಬಿಟ್ಟಾಗ ಬಣ್ಣ ಬಯಲು. ಮಾಮೂಲಿನದು ಎರಡು ತುಂಡಾಗಿ 'ಚಿ-ವೀ' ಅನ್ನುತ್ತದೆ. ಅಪರೂಪದ್ದು ಮೂರು ತುಂಡಾಗಿ 'ಚಿ-ರಿ-ವೀ' ಅನ್ನುತ್ತದೆ. ಇವರು ಅದನ್ನು ಮೂರುಮಾತಿನ ಹಕ್ಕಿ ಎಂದು ಕರೆದುಕೊಂಡಿದ್ದರು. ಉತ್ತರಕ್ಕೆ ಹೋಗುವ ಅದರ ದಾರಿ ಈ ದ್ವೀಪಗಳಿಂದ ಬಹಳ ದೂರ. ಗಾಳಿ ದಾರಿ ತಪ್ಪಿಸಿದರೆ ಮಾತ್ರ ಇಲ್ಲಿಗೆ ಬಂದೀತು. ಭಾವ ಅದನ್ನು ಕಾಣದೆಯೇ ಎಷ್ಟೋ ಸಲ ಬಣ್ಣದಲ್ಲಿ ಬರೆದಿದ್ದರು. ಅವರ ಮನೆಯ ಊಟದ ಮೇಜಿನ ಮೇಲೆ ತೂಗುಹಾಕಿದ್ದ ಚಿತ್ರವನ್ನು ಬಂದವರು ನೋಡಿ, ಇದರಲ್ಲೇನಿದೆ ಇಂಥದ್ದು, ಎಲೆಗಳ ನಡುವೆ ಇನ್ನೊಂದು ಎಲೆ ಅಂದುಕೊಳ್ಳುತ್ತಿದ್ದರು.

ಈಗ ಆ ಕೈಗಳು ಬರೆಯುವುದನ್ನು ಬಿಟ್ಟಿದ್ದವು. ನಡುಕದ ಕಾಯಿಲೆ. ದುರ್ಬೀನು ಎತ್ತಿದರೆ ಅದರೊಳಗಿನ ಲೋಕವೆಲ್ಲ ಕುಲುಕಾಡಿ ಅವರಿಗೇ ತಲೆ ತಿರುಗುತ್ತಿತ್ತು. ಇವತ್ತು ದೋಣಿಯಿಂದ ಬಂಡೆಗೆ ಕಾಲಿಡುವಾಗ ನಡುವೆಯೇ ಕುಸಿದು, ದೋಣಿಯವನು ಕಾಲರು ಹಿಡಿದು ಮೇಲೆಳೆದಿದ್ದ. "ಮೇಷ್ಟ್ರೇ, ನಾನು ಹಿಡೀತಾ ಬಂದಿರೋದು ಮೀನು. ಮನುಷ್ಯರನ್ನ ಹಿಡಿಯೋ ಅಭ್ಯಾಸ ನಂಗಿಲ್ಲ. ಮುಂದಿನ ಸಲ ನನ್ನ ಕರೀಬೇಡಿ," ಅಂದಿದ್ದ. ಮುಂದಿನ ಸಲ ಎಂಬುದು ಇರಲೂ ಇಲ್ಲ. ಇದೇ ಕೊನೆ ಎಂದು ಹೆಂಡತಿಗೆ ಮಾತು ಕೊಟ್ಟೇ ಭಾವ ಹೊರಟಿದ್ದರು.

ಮೂವರೂ ದೀಪಸ್ತಂಭದ ಕಡೆಗೆ ಏರಿದರು. ರೇಡಿಯೋದವನ ಮನಸ್ಸು ಕಹಿಯಾಗಿತ್ತು. ಇಂಥ ದಿನವೂ ಹಾಳುಬಿದ್ದರೆ ಇನ್ನು ಹಕ್ಕಿಗಳ ಕಥೆ ಮುಗಿದ ಹಾಗೆಯೇ. ಕಳೆದ ವಸಂತದಲ್ಲೂ ಹೀಗೆಯೇ ಆಗಿತ್ತು. ತೋಟಗಳೆಲ್ಲ ಮೂಕ, ದಂಡೆಯೆಲ್ಲ ಮೂಕ. ಬಳಗದ ಸಭೆಯಲ್ಲಿ ಅವನು ಎದ್ದು ನಿಂತು, ನಾವು ನೋಡುತ್ತಿರುವಂತೆಯೇ ಸಣ್ಣ ಹಕ್ಕಿಗಳು ಈ ಕರಾವಳಿಯಿಂದ ಕಾಲ್ತೆಗೆದಿವೆ ಎಂದು ಮಾತಾಡಿದ್ದ. ಪತ್ರಿಕೆಯಲ್ಲೂ ಅದು ಬಂದಿತ್ತು. ಕೆಲವರು ಮುಖ ಮುಖ ನೋಡಿಕೊಂಡಿದ್ದರು, ಆದರೆ ಅವನ ಎದುರಿಗೆ ಇಲ್ಲವೆನ್ನುವ ಧೈರ್ಯ ಯಾರಿಗಿತ್ತು? ಕಾಲವೇ ಕೆಟ್ಟುಹೋಗಿದೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅಂಗಡಿಯಲ್ಲೂ ಅದೇ. ರಿಪೇರಿಯಾದ ಸೆಟ್ಟುಗಳು ವಾಪಸು ಬರತೊಡಗಿದ್ದವು. 'ಇನ್ನೂ ಕೀ ಅಂತಿದೆ' ಎನ್ನುವ ಗಿರಾಕಿಗಳ ಮುಂದೆಯೇ ಕಿವಿಗೊಟ್ಟು ಕೇಳಿ, ಒಂದು ಚೂರೂ ಇಲ್ಲ ಎಂದು ವಾದಕ್ಕೆ ನಿಲ್ಲುತ್ತಿದ್ದ. ಮನೆಯಲ್ಲಿ ಹೆಂಡತಿ, "ನಿಮಗೆ ಕರೆದಿದ್ದು ಕೇಳಿಸಲ್ವಾ?" ಎಂದರೆ, "ನೀನು ಕರೆದಿದ್ದೆಲ್ಲಾ ಕೇಳಿಸಿದ್ರೆ ನಾನು ಇಷ್ಟು ದಿನ ಬದುಕ್ತಿರಲಿಲ್ಲ," ಎಂದು ನಗಿಸಿ ಪಾರಾಗುತ್ತಿದ್ದ.

ದೀಪಸ್ತಂಭದ ಬುಡದಲ್ಲಿ, ಹಿಂದೆ ಕಾವಲುಗಾರ ಇದ್ದ ಮನೆಯ ಗೋಡೆಗಳು ಉಳಿದಿದ್ದವು. ಗಾಳಿ ತಾಗದ ಮೂಲೆಯಲ್ಲಿ ಮಗಳು ಚೀಲ ಬಿಚ್ಚಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಹರವಿದಳು. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು, ಜಾಗ ಹೇಳುವವಳು. ಸ್ಪಷ್ಟವಾದ ದನಿ. ಅಪ್ಪನ ಎದುರು ಮಾತ್ರ ಈಚೆಗೆ ಅವಳು ದನಿ ದಪ್ಪಮಾಡಿ, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಕೆಲಸದ ಅಭ್ಯಾಸ ಇರಬೇಕು ಎಂದು ಅವನು ಅಂದುಕೊಂಡಿದ್ದ.

"ನೀವು ಶುರು ಮಾಡಿ, ಬಂದೆ," ಎಂದು ಅವನು ಗೋಡೆಯ ಆಚೆ ಮೂತ್ರಕ್ಕೆ ಹೋದ.

ಅಲ್ಲಿ ಕುಸಿದ ಕಿಟಕಿಯ ಒಂದು ಸರಳು ಮಾತ್ರ ಗೋಡೆಯಿಂದ ಚಾಚಿಕೊಂಡಿತ್ತು. ಅದರ ಮೇಲೆ ಒಂದು ಉಲಿಯಕ್ಕಿ ಕೂತಿತ್ತು. ಮಾಮೂಲಿನದೋ ಅಪರೂಪದ್ದೋ, ಯಾರಿಗೆ ಗೊತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗರಿಯೆಲ್ಲ ಕೆದರಿ, ರೆಕ್ಕೆ ಜೋಲಿ, ಹೆದರುವ ತ್ರಾಣವೂ ಉಳಿದಿರಲಿಲ್ಲ. ಅದು ಅವನನ್ನು ನೋಡಿ ಕೊಕ್ಕು ತೆರೆಯಿತು.

ದನಿ ಬರಲಿಲ್ಲ.

ಅದರ ಗಂಟಲ ಗರಿಗಳು ಅದುರಿದವು. ಕೊಕ್ಕು ಮುಚ್ಚಿತು. ಮತ್ತೆ ತೆರೆಯಿತು, ಗಂಟಲು ಅದುರಿತು, ಮುಚ್ಚಿತು. ರೇಡಿಯೋದವನು ಬಲಗಿವಿ ಕೊಟ್ಟ. ಎಡಗಿವಿ ಕೊಟ್ಟ. ಗೋಡೆಯಾಚೆ ಭಾವ ಕೆಮ್ಮಿದ್ದು ಕೇಳಿಸಿತು. ಕೆಳಗೆ ದೋಣಿಯವನು ಡಬ್ಬಿಯಿಂದ ನೀರು ಮೊಗೆದು ಚೆಲ್ಲುತ್ತಿದ್ದದ್ದೂ ಕೇಳಿಸಿತು. ಒಂದು ಮೊಳ ದೂರದಲ್ಲಿ ಮೈಯೆಲ್ಲ ದನಿಯಾಗಿ ಕೂಗುತ್ತಿದ್ದ ಹಕ್ಕಿ ಮಾತ್ರ ಗಾಜಿನಾಚೆ ಇದ್ದ ಹಾಗೆ ಬಾಯಿ ಆಡಿಸುತ್ತಲೇ ಇತ್ತು.

ಅವನಿಗೆ ಮೊದಲು ಆದದ್ದು ಸಂತೋಷ. ಹಾಗಾದರೆ ಹಕ್ಕಿಗಳು ಮುಗಿದಿಲ್ಲ. ತೋಟಗಳಲ್ಲಿ, ದಂಡೆಯಲ್ಲಿ, ಎಲ್ಲ ಕಡೆ ಅವು ಮೊದಲಿನ ಹಾಗೇ ಕೂಗುತ್ತಿವೆ. ಆ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಅದರ ಬೆನ್ನಿಗೇ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು ನೆನಪಾಗಿ ಮುಖ ಸುಟ್ಟಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಅವನು ಇಡೀ ಕರಾವಳಿಯನ್ನೇ ಡೊಂಕೆಂದಿದ್ದ. ಅದಾದ ಮೇಲೆ ಬೆಳಗಿನ ಮುಳ್ಳಿನ ಪೊದೆ ಕಣ್ಣ ಮುಂದೆ ಬಂತು.

ಗೋಡೆಗೆ ಕೈಕೊಟ್ಟು ನಿಂತ. ಯಾರಿಗೂ ಗೊತ್ತಿಲ್ಲವಲ್ಲ ಎಂದೂ ಅನ್ನಿಸಿತು. ಇದು ಭಾವನ ಕೊನೆಯ ದೋಣಿ. ಇವನೂ ವಯಸ್ಸಾಯಿತೆಂದು ಮನೆಯಲ್ಲಿ ಉಳಿದರೆ ಕೇಳುವವರಿಲ್ಲ. ಚಿನ್ನದ ಕಿವಿ ಚಿನ್ನದ್ದಾಗಿಯೇ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡು ಒಂದು ಮೊಟ್ಟೆ ತಿಂದು ದೋಣಿ ಹತ್ತಿದರಾಯಿತು. ಹಾಗೆಯೇ ಮಾಡುವುದೆಂದು ಅವನು ಗಟ್ಟಿಮಾಡಿಕೊಂಡು ಈಚೆ ಬಂದ.

ಭಾವ ಫ್ಲಾಸ್ಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಚಹಾ ಕುಡಿಯುತ್ತಿದ್ದರು. ಅರ್ಧ ಅಂಗಿಯ ಮೇಲೇ ಇತ್ತು. ಮಗಳು ಅದನ್ನು ಕಾಣದವಳ ಹಾಗೆ ಮೊಟ್ಟೆ ಸುಲಿಯುತ್ತಿದ್ದಳು.

"ಕೂತ್ಕೋ," ಅಂದರು ಭಾವ. "ಇವಳ ಹತ್ರ ಅದೇ ಹೇಳ್ತಿದ್ದೆ. ನೀನು ಇಲ್ಲ ಅಂದಿದ್ದು ಒಳ್ಳೇದೇ ಆಯ್ತು ಕಣೋ. ನಂಗೆ ಮೂರು ಅಂತಲೇ ಕೇಳಿಸಿತ್ತು. ಬಿಡಿಬಿಡಿಯಾಗಿ, ಕಿವಿಯಲ್ಲಿ ಬಂದು ಹೇಳಿದ ಹಂಗೆ. ನೀನು ಪಕ್ಕದಲ್ಲಿ ಇಲ್ಲದೇ ಹೋಗಿದ್ರೆ ಊರಿಗೆಲ್ಲ ಸಾರಿಬಿಡ್ತಿದ್ದೆ. ಕೈ ಹೋದ ಮೇಲೆ ಮುದುಕನಿಗೆ ತಲೆಯೂ ಹೋಯ್ತು ಅಂತಿದ್ರು."

ರೇಡಿಯೋದವನು ಕೂರಲಿಲ್ಲ.

"ಇಷ್ಟು ವರ್ಷ ಕಾದು ಕಾದು, ಇಲ್ಲದ್ದನ್ನೂ ಕೇಳಿಸ್ಕೊಳ್ಳೋ ಮಟ್ಟಕ್ಕೆ ಬಂದಿದ್ದೀನಿ ನೋಡು," ಎಂದು ಭಾವ ಮುಚ್ಚಳವನ್ನು ಕೆಳಗಿಟ್ಟರು. ಅದು ಕಲ್ಲಿನ ಮೇಲೆ ಟಕಟಕ ಅಂತು. "ಹೋಗ್ಲಿ. ಸಮಾಧಾನ ಆಯ್ತು. ಇನ್ನು ಮನೇಲಿ ಕೂತು ಇದನ್ನೇ ಕೊರೀತಾ ಇರೋ ಹಂಗಿಲ್ಲ."

ಆ ಸಮಾಧಾನದ ಮುಖವನ್ನು ಅವನಿಂದ ನೋಡಲಾಗಲಿಲ್ಲ. ತನ್ನ ಮಾತು ನಂಬಿ, ತಮ್ಮ ಕಿವಿಯೇ ಸುಳ್ಳೆಂದುಕೊಂಡು ಮನುಷ್ಯ ಹೀಗೆ ಹಗುರಾಗಿ ಕೂತಿದ್ದಾರಲ್ಲ ಎಂದು ಸಂಕಟವಾಯಿತು.

"ಭಾವ, ನಂಗೆ ಕೇಳಿಸಲ್ಲ," ಅಂದ.

"ಏನು?" ಭಾವ ಕೊರಳು ಚಾಚಿ, ದನಿ ಎತ್ತರಿಸಿದರು. "ಸಮಾಧಾನ ಆಯ್ತು ಅಂದೆ."

"ನಿಮ್ಮ ಮಾತು ಕೇಳಿಸುತ್ತೆ. ಹಕ್ಕಿಯಂಥ ಚೂಪು ದನಿ ಕೇಳಿಸಲ್ಲ. ಈಗ ಗೋಡೆ ಆಚೆ ಒಂದು ಕೂತಿತ್ತು, ಇಷ್ಟೇ ದೂರ. ಬಾಯಿ ತೆಗೆದು ಕೂಗ್ತಿದೆ. ನಂಗೆ ಏನೂ ಇಲ್ಲ." "ಬೆಳಿಗ್ಗೆ ನೀವು ಕೇಳಿದ್ದು ಸರಿ ಇರಬೇಕು."

ಭಾವನ ಮುಖದ ಮೇಲೆ ನಗುವಿನ ಗುರುತು ಹಾಗೇ ನಿಂತುಬಿಟ್ಟಿತು. ಕೈಗಳ ನಡುಕ ಮಾತ್ರ ನಿಲ್ಲಲಿಲ್ಲ. ರೇಡಿಯೋದವನು ಮಗಳ ಕಡೆ ತಿರುಗಿದ. ಅವಳು ಸುಲಿದ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ್ದಳು. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಇದು ಯಾರು, ಅದು ಯಾರು ಎಂದು ಹಕ್ಕಿಗಳ ದನಿ ಕಲಿಸಿದವನು ಅವನೇ.

"ನಿಂಗೆ ಕೇಳಿಸ್ತಾ, ಬೆಳಿಗ್ಗೆ?"

ಅವಳು ತಲೆ ಎತ್ತಿ, ಅವನ ಮುಖಕ್ಕೆ ಮುಖ ಕೊಟ್ಟು, ದಪ್ಪ ದನಿಯಲ್ಲಿ ಬಿಡಿಸಿ ಹೇಳಿದಳು. "ಕೇಳಿಸ್ತು ಅಪ್ಪ."

"ಎಷ್ಟು?"

"ಮೂರು. ನೀನು ಕಣ್ಣು ಮುಚ್ಚಿ ನಿಂತಿದ್ದಾಗಲೂ ಅಂತು."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳೋಣ ಅಂತ ಬಾಯಿಗೆ ಬಂತು. ನೀನು ಮಾವನ ಮುಂದೆ ಅಷ್ಟು ಗಟ್ಟಿಯಾಗಿ ಇಲ್ಲ ಅಂದುಬಿಟ್ಟಿದ್ದೆ." ಮೊಟ್ಟೆಯನ್ನು ಕೆಳಗಿಟ್ಟು ಅಂದಳು: "ಹೋದ ವರ್ಷದಿಂದ ಗೊತ್ತು. ಅಮ್ಮನಿಗೂ ಗೊತ್ತು. ಡಾಕ್ಟರ ಹತ್ರ ಹೋಗೋಣ ಅಂತ ಅಮ್ಮ ಎಷ್ಟು ಸಲ ಹೇಳಿಲ್ಲ? ನೀನು ಜೋಕು ಮಾಡ್ತೀಯ."

ಒಂದು ವರ್ಷ ಅವಳು ತೋಟ, ದಂಡೆ, ಎಲ್ಲಕ್ಕೂ ಅವನ ಜೊತೆ ಬಂದಿದ್ದಳು. ಕಿವಿ ತುಂಬ ಹಕ್ಕಿಗಳನ್ನು ಕೇಳುತ್ತ, ಅಪ್ಪನಿಗೋಸ್ಕರ ಜಾಣಕಿವುಡಿಯಾಗಿ, ಹೌದಪ್ಪಾ, ಏನೂ ಇಲ್ಲ ಎನ್ನುತ್ತ ನಡೆದಿದ್ದಳು. ಅವನಿಗೆ ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೆ ಕಾಲಿಲ್ಲದೆ ಅದು ಅಲ್ಲೇ ಕುಸಿಯಿತು.

"ಅವಳನ್ನ ಬೈಬೇಡ," ಅಂದರು ಭಾವ. ಅವರು ಗೋಡೆ ಹಿಡಿದು ಏಳುತ್ತಿದ್ದರು. "ನಂಗೂ ಕೇಳಿಸಿತ್ತಲ್ಲ. ನನ್ನ ಕಿವಿ ನಾನೇ ನಂಬಲಿಲ್ಲ." ಎದ್ದು ನಿಂತ ಮೇಲೆ ಅವರು ದೂರದ ಪೊದೆಯ ಕಡೆ ನೋಡಿದರು. "ಲೆಕ್ಕಕ್ಕೇನೋ ಬಂತು. ನಾನೊಬ್ಬ, ಇವಳೊಬ್ಬಳು. ಕಟ್ಟಳೆ ಪ್ರಕಾರ ಹಕ್ಕಿ ಹಕ್ಕಿನೇ."

"ನೋಡಲಿಲ್ಲವಲ್ಲ, ಮಾವ," ಅಂದಳು ಮಗಳು.

"ಅದೇ. ನೋಡಲಿಲ್ಲ."

ಕೆಳಗಿನಿಂದ ದೋಣಿಯವನು ಕೂಗಿ ಕೈ ಬೀಸಿದ. ನೀರು ಇಳಿಯುತ್ತಿತ್ತು, ಇನ್ನು ತಡವಾದರೆ ಬಂಡೆಗಳ ನಡುವಿನಿಂದ ದೋಣಿ ಹೊರಬೀಳುವುದಿಲ್ಲ. ಒಂದು ಸಲ ಹಾರ್ನು ಹೊಡೆಯುತ್ತೇನೆ, ಎರಡನೇ ಸಲ ಹೊಡೆದರೆ ಹಗ್ಗ ಬಿಚ್ಚಿದೆ ಅಂತಲೇ ತಿಳಿಯಿರಿ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ.

ಮೂವರೂ ಪೊದೆಯ ಕಡೆ ಇಳಿದರು. ಬ್ರೆಡ್ಡು, ಫ್ಲಾಸ್ಕು ಎಲ್ಲ ಅಲ್ಲೇ ಉಳಿದವು. ಭಾವನ ಒಂದು ಕೈ ರೇಡಿಯೋದವನ ಹೆಗಲ ಮೇಲಿತ್ತು. ಅದರ ನಡುಕ ಅವನ ಎಲುಬಿನೊಳಗೆ ಹರಿದು, ಯಾರ ಮೈ ನಡುಗುತ್ತಿದೆ ಎಂಬುದೇ ತಿಳಿಯದಂತಾಗಿತ್ತು. ತುಂತುರು ನಿಂತು ಮೋಡ ಹರಿದಿತ್ತು. ಗಾಳಿ ದಿಕ್ಕು ಬದಲಿಸಿ ಈಗ ಬೆನ್ನ ಹಿಂದಿನಿಂದ, ಬೆಚ್ಚಗೆ ಬೀಸುತ್ತಿತ್ತು. ಬೇರೆಯವರಾದರೆ ಹವೆ ತಿಳಿಯಾಯಿತೆಂದು ಹಿಗ್ಗುತ್ತಿದ್ದರು. ಹಕ್ಕಿ ನೋಡುವವರಿಗೆ ಅದರ ಅರ್ಥ ಗೊತ್ತು. ದಾರಿ ತೆರೆದ ಕೂಡಲೇ ಬಿದ್ದ ಹಕ್ಕಿಗಳು ಎದ್ದು ಹೊರಟುಬಿಡುತ್ತವೆ. ಅವರ ತಲೆಯ ಮೇಲೆಯೇ ಧೂಳಿನ ಕಣದಂಥವು ಕೆಲವು ಉತ್ತರಕ್ಕೆ ಹಾರಿಹೋದವು. ಭಾವ ತಲೆ ಎತ್ತಿ ನೋಡಿ ಹೆಜ್ಜೆ ಚುರುಕು ಮಾಡಿದರು.

ಪೊದೆಯ ಮುಂದೆ, ಬೆಳಿಗ್ಗೆ ನಿಂತಲ್ಲೇ ನಿಂತರು. ರೇಡಿಯೋದವನ ತಲೆ ಅಭ್ಯಾಸದಂತೆ ಓರೆಯಾಯಿತು, ಕಣ್ಣು ಮುಚ್ಚಲು ಹೋಯಿತು. ಅವನು ನಾಚಿ ತಲೆಯನ್ನು ನೆಟ್ಟಗೆ ಮಾಡಿಕೊಂಡ. ಒಣಕೊಂಬೆಯ ಹಿಂದೆ ಎಲೆಗಳು ಅಲ್ಲಾಡುತ್ತಿದ್ದವು. ಗಾಳಿಯೋ, ಹಕ್ಕಿಯೋ. ಭಾವ ದುರ್ಬೀನು ಎತ್ತಿದರು. ಅದು ಅವರ ಕನ್ನಡಕಕ್ಕೆ ಟಕಟಕ ತಾಗಿತು. ಅವನು ಹಿಂದೆ ನಿಂತು, ಎರಡೂ ಕೈಯಿಂದ ಭಾವನ ಮಣಿಕಟ್ಟುಗಳನ್ನು ಹಿಡಿದು ಅಲುಗದಂತೆ ಮಾಡಿದ.

"ಹಂಗೇ ಇರಲಿ," ಅಂದರು ಭಾವ.

ಹಾರ್ನು ಕೇಳಿಸಿತು, ದಪ್ಪ ದನಿಯಲ್ಲಿ. ಯಾರೂ ಕದಲಲಿಲ್ಲ. ಭಾವ ಎಲೆ ಎಲೆಯನ್ನೂ ತಡವಿ, ಕೊನೆಗೆ ದುರ್ಬೀನು ಇಳಿಸಿ ಅವನ ಕಡೆ ಮುಖ ತಿರುಗಿಸಿದರು. "ಅನ್ನಲಿ. ಹಕ್ಕಿ ಒಂದು ಸಲ ಅಂದ್ರೆ ಸಾಕು, ಎಲ್ಲಿದೆ ಅಂತ ಗೊತ್ತಾಗುತ್ತೆ," ಎಂದು ಪಿಸುಗುಟ್ಟಿದರು. ಆ ಪಿಸುಮಾತು ಅವನಿಗೆ ಕೇಳಿಸಲಿಲ್ಲ, ತುಟಿಯಿಂದ ತಿಳಿಯಿತು.

ಅವನು ಸುತ್ತು ಬಂದು ಪೊದೆಗೆ ಬೆನ್ನು ಹಾಕಿ ನಿಂತ. ಪೊದೆಯಲ್ಲಿ ಅವನಿಗೆ ಕೇಳುವಂಥದ್ದು ಏನೂ ಇರಲಿಲ್ಲ. ದನಿ ಬಂದರೆ ಈ ಎರಡು ಮುಖಗಳ ಮೇಲೆ ಬರಬೇಕು. ಮಗಳು ಉಸಿರು ಬಿಗಿಹಿಡಿದಿದ್ದಳು. ಭಾವನ ಬಾಯಿ ಸ್ವಲ್ಪ ತೆರೆದಿತ್ತು. ಹುಬ್ಬಿನ ಬಿಳಿಕೂದಲ ಮೇಲೆ ಮಳೆಯ ಹನಿಯೊಂದು ಉಳಿದಿತ್ತು. ಅವನು ಆ ಹುಬ್ಬನ್ನು, ಕಣ್ಣನ್ನು, ತುಟಿಯ ಅಂಚನ್ನು ನೋಡುತ್ತ, ಅವು ಅರಳುವುದನ್ನು ಕಾಯುತ್ತ ನಿಂತ. ಹನಿ ಜಾರಿ ಕೆನ್ನೆಗಿಳಿಯಿತು. ಮುಖ ಹಾಗೆಯೇ ಇತ್ತು.

ಹಾರ್ನು ಎರಡನೇ ಸಲ ಕೂಗಿತು. ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.